ನತ್ತೋ: ಬಿಸಿಯಲ್ಲೇ ಹೆಪ್ಪು, ಮುಚ್ಚಳದಲ್ಲಿ ತೂತು

ಜಪಾನಿನ ಅಂಟಂಟು ಸೋಯಾ ಕಾಳು ನತ್ತೋ ಮನೆಯಲ್ಲಿ ಕೆಡುವುದು ಹೆಚ್ಚಾಗಿ ಹುದುಗಲು ಇಡುವಾಗ. ದೋಸೆ ಹಿಟ್ಟಿನ ರೂಢಿಯಲ್ಲಿ ಡಬ್ಬಿ ತುಂಬ ಕಾಳು ಒತ್ತಿ ಮುಚ್ಚಳ ಬಿಗಿದುಬಿಡುತ್ತಾರೆ. ನತ್ತೋ ಮಾಡುವ ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕೇ ಬೇಕು.

250 ಗ್ರಾಂ ಸೋಯಾ ಕಾಳು ಸಾಕು. ಆದಷ್ಟು ಸಣ್ಣದನ್ನೇ ಆರಿಸಿ. ನತ್ತೋಗೆ ಹೆಸರಾದ ಮಿತೋ ಊರಿನದೂ ಸಣ್ಣ ಕಾಳೇ. ಹಳೆಯ ದಾಸ್ತಾನು ಎಷ್ಟು ಬೇಯಿಸಿದರೂ ಮೆತ್ತಗಾಗದು. ಹೆಪ್ಪಿಗೆ ಅಂಗಡಿಯ ಫ್ರೋಜನ್ ನತ್ತೋ ಒಂದು ದೊಡ್ಡ ಚಮಚ. ಹಾಮಾನತ್ತೋ ಎಂಬ ಕಪ್ಪು, ಉಪ್ಪುಪ್ಪು ಕಾಳನ್ನು ತರಬೇಡಿ; ಅದು ಕೋಜಿ ಬೂಷ್ಟಿನಿಂದ ಆಗುವಂಥದ್ದು, ಅದರಿಂದ ನತ್ತೋದ ಅಂಟು ಎಳೆ ಬರುವುದಿಲ್ಲ.

ಮೂರು ಪಟ್ಟು ನೀರಿನಲ್ಲಿ ಬೇಸಿಗೆಯಾದರೆ 12 ಗಂಟೆ, ಚಳಿಗಾಲದಲ್ಲಿ 18 ಗಂಟೆ ನೆನೆಸಿ. ನೀರಿನಲ್ಲಿ ಬೇಯಿಸಿದರೆ ರುಚಿ ನೀರಿಗೇ ಹೋಗುತ್ತದೆ, ಹಾಗಾಗಿ ಕುಕ್ಕರಿನಲ್ಲಿ ಜಾಲರಿ ಇಟ್ಟು ಹಬೆಯಲ್ಲೇ ಬೇಯಿಸಿ: ಒತ್ತಡ ಏರಿದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷ. ತಳದ ನೀರು ಇಂಗದಷ್ಟು ಹಾಕಿರಿ. ಹೆಬ್ಬೆರಳು, ಕಿರುಬೆರಳ ನಡುವೆ ಒತ್ತಿದರೆ ಕಾಳು ನುಜ್ಜಾಗಬೇಕು.

ಇನ್ನು ಹೆಪ್ಪು. ಮೊಸರಿಗೆ ಮಾಡಿದ ಹಾಗೆ ಕಾಳು ಆರಲೆಂದು ಕಾಯಬೇಡಿ. ಮೊಸರಿನ ಹೆಪ್ಪು ಬಿಸಿಗೆ ಸಾಯುತ್ತದೆ; ಇದರ ಬೀಜಾಣುಗಳು ಕುದಿಯುವ ನೀರನ್ನೂ ತಡೆಯುತ್ತವೆ. ಹಿಂದೆ ಭತ್ತದ ಹುಲ್ಲನ್ನು ಕುದಿಸಿ, ಬಿಸಿ ಕಾಳನ್ನು ಅದರಲ್ಲಿ ಕಟ್ಟುತ್ತಿದ್ದರು. ಬೇರೆ ಕ್ರಿಮಿಗಳು ಸತ್ತು, ಹುಲ್ಲಿನಲ್ಲಿದ್ದ ಈ ಬೀಜಾಣುಗಳೇ ಉಳಿಯುತ್ತಿದ್ದವು. ಕಾಳು ತಣ್ಣಗಾದಷ್ಟೂ ಬೇಡದ ಕ್ರಿಮಿಗಳಿಗೆ ದಾರಿ. ಚಮಚ, ತಟ್ಟೆ ಎಲ್ಲದರ ಮೇಲೂ ಕುದಿಯುವ ನೀರು ಹೊಯ್ಯಿರಿ. ಹೆಪ್ಪನ್ನು ಎರಡು ಚಮಚ ಕುದಿಸಿದ ನೀರಿನಲ್ಲಿ ಕದಡಿ, ಹಬೆಯಾಡುವ ಕಾಳಿಗೆ ಬೇಗ ಕಲಸಿ.

ಅಗಲ ತಟ್ಟೆಯಲ್ಲಿ 2 ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಪ್ಲಾಸ್ಟಿಕ್ ಹಾಳೆಯನ್ನು ಕಾಳಿಗೆ ತಾಗುವಂತೆ ಹೊದಿಸಿ, ಟೂತ್‌ಪಿಕ್‌ನಿಂದ ಬೆರಳಗಲಕ್ಕೊಂದು ತೂತು ಚುಚ್ಚಿ. ಹಾಳೆ ಇಲ್ಲದಿದ್ದರೆ ಮೇಲಿನ ಕಾಳು ಒಣಗಿ ಗಟ್ಟಿಯಾಗುತ್ತದೆ, ತೂತಿಲ್ಲದಿದ್ದರೆ ಉಸಿರುಕಟ್ಟುತ್ತದೆ. 40 ಡಿಗ್ರಿಯಲ್ಲಿ 24 ಗಂಟೆ ಇಡಿ. ಕೆಲವು ಗಂಟೆ ಕಳೆದ ಮೇಲೆ ಕಾಳು ತಾನೇ ಬಿಸಿ ಹುಟ್ಟಿಸುತ್ತದೆ. ಥರ್ಮಾಮೀಟರ್ 45 ದಾಟಿದರೆ ಹೊರಗಿನ ಶಾಖ ತಗ್ಗಿಸಿ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಮಂಜು ಕೂತಂತೆ ಬಿಳಿ ಪೊರೆ, ಎತ್ತಿದರೆ ಎಳೆ ಎಳೆ: ಆಯಿತು. ಕಣ್ಣಿಗೆ ರಾಚುವ ಅಮೋನಿಯಾ ಘಾಟು ಬಂದರೆ ಬಿಸಿಯೋ ಹೊತ್ತೋ ಮೀರಿದೆ. ಹುಳಿ ವಾಸನೆ, ಹಸಿರು ಅಥವಾ ಗುಲಾಬಿ ಕಲೆ ಕಂಡರೆ ಪೂರ್ತಿ ಎಸೆಯಿರಿ.

ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವವರು ನತ್ತೋ ತಿನ್ನಬಾರದು. ಇದರಲ್ಲಿ ಹೇರಳವಾಗಿರುವ ವಿಟಮಿನ್ ಕೆ2 ಆ ಮಾತ್ರೆಯ ಗುಣವನ್ನು ತಗ್ಗಿಸುತ್ತದೆ.

ಒಂದು ದಿನ ಫ್ರಿಜ್‌ನಲ್ಲಿಟ್ಟರೆ ರುಚಿ ಕೂಡುತ್ತದೆ. ತಿನ್ನುವಾಗ ಮೊದಲು ಬರೀ ನತ್ತೋವನ್ನು 40 ಸುತ್ತು ಕಡೆಯಿರಿ, ಸೋಯಾ ಸಾಸ್ ಮತ್ತು ಅರೆದ ಸಾಸಿವೆ ಆಮೇಲೆ. ಮೊದಲೇ ಸಾಸ್ ಸುರಿದರೆ ಎಳೆ ನೀರಾಗುತ್ತದೆ. ಉಳಿದದ್ದನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿ, ಮುಂದಿನ ಸಲದ ಹೆಪ್ಪಿಗೆ ಒಂದು ಚಮಚ ಬೇರೆ ಎತ್ತಿಡಿ.