ಆಸ್ಪತ್ರೆ ವಾರ್ಡಿನ ಪಕ್ಕದಲ್ಲೇ ಗೋಡೆ ಒಡೆಸುವಾಗ

ಹಳೇ ಗೋಡೆ ಒಡೆದಾಗ ದೂಳಿನ ಜೊತೆ ಆಸ್ಪರ್ಜಿಲಸ್ ಬೂಷ್ಟಿನ ಬೀಜಕಣಗಳೂ ಏಳುತ್ತವೆ. 2ರಿಂದ 3.5 ಮೈಕ್ರಾನ್ ಗಾತ್ರದ ಇವು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಆಗದು. ಕೀಮೋ ತೆಗೆದುಕೊಳ್ಳುತ್ತಿರುವವರಿಗೆ, ಅಸ್ಥಿಮಜ್ಜೆ ಕಸಿಯಾದವರಿಗೆ ಶ್ವಾಸಕೋಶಕ್ಕೆ ಸೋಂಕಾಗಿ ಜೀವಕ್ಕೇ ಸಂಚಕಾರ ತರಬಹುದು. ಪಕ್ಕದಲ್ಲಿ, ಮೇಲಿನ, ಕೆಳಗಿನ ಮಹಡಿಗಳಲ್ಲಿ ಅಂಥವರಿದ್ದರೆ ಮೊದಲು ಬೇರೆ ವಾರ್ಡಿಗೆ ಕಳಿಸಿ.

ದೂಳು ತಡೆಯಲು ಕೆಲಸದ ಜಾಗಕ್ಕೂ ವಾರ್ಡಿಗೂ ನಡುವೆ ಹಾಕುವ ತಾತ್ಕಾಲಿಕ ಅಡ್ಡಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ಬಂದರೆ ಸಾಲದು, ಮೇಲಿನ ಸ್ಲ್ಯಾಬ್ ಮುಟ್ಟಬೇಕು. ಬಹಳ ಕಡೆ ಎಡವುವುದು ಇಲ್ಲೇ: ಕೆಳಗೆ ಚೊಕ್ಕವಾಗಿ ಪ್ಲಾಸ್ಟಿಕ್ ಕಟ್ಟಿರುತ್ತಾರೆ, ದೂಳು ಸೀಲಿಂಗ್ ಮೇಲಿನಿಂದ ಐಸಿಯು ಸೇರಿರುತ್ತದೆ. ಒಂದೆರಡು ದಿನದ ಕೆಲಸಕ್ಕೆ 150 ಮೈಕ್ರಾನ್ ಪಾಲಿಥಿನ್ ಶೀಟ್ ನಡೆದೀತು. ಜಾಸ್ತಿ ದಿನ ಅಂದರೆ ಜಿಪ್ಸಮ್ ಬೋರ್ಡೇ ಹಾಕಿಸಿ, ಸಂದಿಗೆಲ್ಲ ಟೇಪ್ ಹೊಡೆಸಿ. ಕೇಬಲ್, ಪೈಪು ಹಾದ ತೂತುಗಳನ್ನೂ, ಎಸಿ ಡಕ್ಟಿನ ಬಾಯಿಗಳನ್ನೂ, ಮುಖ್ಯವಾಗಿ ಕೋಣೆಯ ಗಾಳಿಯನ್ನು ಎಸಿಗೆ ವಾಪಸ್ ಎಳೆಯುವ ರಿಟರ್ನ್ ಡಕ್ಟನ್ನು, ಮುಚ್ಚಿ.

ಇನ್ನು ಗಾಳಿ. ಕೆಲಸದ ಜಾಗದ ಒತ್ತಡ ವಾರ್ಡಿಗಿಂತ ಕನಿಷ್ಠ 2.5 ಪಾಸ್ಕಲ್ ಕಡಿಮೆ ಇರಬೇಕು. ಅದಕ್ಕೆ ಹೆಪಾ (ಅತಿ ಸಣ್ಣ ಕಣಗಳನ್ನೂ ಹಿಡಿಯುವ) ಫಿಲ್ಟರಿನ ಎಕ್ಸಾಸ್ಟ್ ಯಂತ್ರ ಬೇಕು. 4×5 ಮೀಟರಿನ, 3 ಮೀಟರ್ ಎತ್ತರದ ಕೋಣೆಯಲ್ಲಿ 60 ಘನ ಮೀಟರ್ ಗಾಳಿ. ಗಂಟೆಗೆ 12 ಸಲ ಬದಲಾಯಿಸಲು 720 ಘನ ಮೀಟರ್, ಅಂದರೆ ಸುಮಾರು 425 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಫಿಲ್ಟರ್ ಕಟ್ಟಿಕೊಂಡಂತೆಲ್ಲ ಹರಿವು ಇಳಿಯುತ್ತದೆ, ಒಂದು ಸೈಜ್ ದೊಡ್ಡದೇ ತರಿಸಿ. ಜನರೇಟರ್ ಲೈನಿಗೆ ಕೊಟ್ಟು ರಾತ್ರಿಯೂ ಓಡಿಸಿ. ಸಂಜೆ ಮೇಸ್ತ್ರಿ ಸ್ವಿಚ್ ಆರಿಸಿ ಹೋದರೆ ದೂಳು ವಾರ್ಡಿನ ದಾರಿ ಹಿಡಿಯುತ್ತದೆ.

ದಿನಾ ಬೆಳಿಗ್ಗೆ ಕೆಲಸದ ಜಾಗದ ಬಾಗಿಲ ಕೆಳಗಿನ ಸಂದಿನ ಹತ್ತಿರ, ಹೊರಗಡೆಯಿಂದ, ಟಿಶ್ಯೂ ಪೇಪರಿನ ಪಟ್ಟಿ ಹಿಡಿದು ನೋಡಿ. ಅದು ಒಳಕ್ಕೆ ಬಾಗಬೇಕು. ಊದುಬತ್ತಿ ಹೊಗೆ ಇನ್ನೂ ಚೆನ್ನಾಗಿ ತೋರಿಸುತ್ತದೆ, ಆದರೆ ಆಕ್ಸಿಜನ್ ಇರುವಲ್ಲಿ ಅದರ ಸುದ್ದಿಗೇ ಹೋಗಬೇಡಿ. ಪಟ್ಟಿ ಅಲುಗದಿದ್ದರೆ ಫಿಲ್ಟರ್ ನೋಡಿ, ಆಮೇಲೆ ಬಾಗಿಲು: ಸೆಕೆ ಅಂತ ಯಾರೋ ಇಟ್ಟಿಗೆ ಕೊಟ್ಟು ತೆರೆದಿಟ್ಟಿರುತ್ತಾರೆ.

ಒಡೆದ ಗೋಡೆಯ ಡೆಬ್ರಿಸನ್ನು ಮುಚ್ಚಿದ ಗಾಡಿಯಲ್ಲಿ, ರೋಗಿಗಳ ಲಿಫ್ಟ್ ಬಿಟ್ಟು ಬೇರೆ ದಾರಿಯಲ್ಲಿ ಸಾಗಿಸಿ. ಬಾಗಿಲಲ್ಲಿ ಅಂಟು ಮ್ಯಾಟ್ ಹಾಕಿ, ಕೊಳೆಯಾದ ಪದರ ಕಿತ್ತೆಸೆಯುತ್ತಿರಿ. ಒಣ ಪೊರಕೆ ಬೇಡವೇ ಬೇಡ.

ಕೆಲಸ ಮುಗಿದ ಮೇಲೆ ಹೆಪಾ ವ್ಯಾಕ್ಯೂಮ್, ನಂತರ ಒದ್ದೆ ಬಟ್ಟೆ. ಅಡ್ಡಗೋಡೆ ತೆಗೆಯುವುದು ಕಟ್ಟಕಡೆಗೆ. ಶೀಟನ್ನು ದೂಳಿನ ಮೈ ಒಳಗಾಗುವಂತೆ ಸುತ್ತಿ, ಎಕ್ಸಾಸ್ಟ್ ಆಗಲೂ ಓಡುತ್ತಿರಲಿ. ನೀರಿನ ಲೈನ್ ಕತ್ತರಿಸಿದ್ದರೆ ಪೈಪಿನೊಳಗಿನ ಲೋಳೆ ಕಿತ್ತು ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಬರಬಹುದು. ಶವರ್ ತಲೆ ಬಿಚ್ಚಿ, ಕೆಂಪು ನೀರು ಹೋಗಿ ತಿಳಿಯಾದ ಮೇಲೂ ಸಾಕಷ್ಟು ಹೊತ್ತು ನಲ್ಲಿ ಬಿಡಿ. ಆ ಕೋಣೆಗೆ ರೋಗಿಯನ್ನು ತರುವುದು ಆಮೇಲೆ.