ರಜೆಗೆ ಹೊರಟಿದ್ದೀರಾ? ಮೊದಲು ನೀರಿನ ಮೇನ್ ವಾಲ್ವ್ ಹುಡುಕಿ

ಟಿಕೆಟ್ ಆಯಿತು, ಸೂಟ್‌ಕೇಸ್ ತೂಕ ನೋಡಿದ್ದೂ ಆಯಿತು. ಹೊರಡುವ ಮುಂಚೆ ಬಾಗಿಲು, ಕಿಟಕಿ, ಒಲೆ ಎಲ್ಲರೂ ನೋಡುತ್ತಾರೆ. ಆದರೆ ನೀರಿನ ಮೇನ್ ವಾಲ್ವ್ ಎಲ್ಲಿದೆ ಅಂತ ಕೇಳಿದರೆ, ಹೊರದೇಶದಲ್ಲಿ ಹೊಸದಾಗಿ ಮನೆ ಮಾಡಿದ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಖಾಲಿ ಮನೆಯಲ್ಲಿ ಕಳ್ಳರಿಗಿಂತ ನೀರಿಗೆ ಜಾಸ್ತಿ ಹೆದರಿ.

ಕಾರಣ ಇದೆ. ತಾರಸಿ ಮೇಲಿನ ಟ್ಯಾಂಕಿನ ನೀರಿಗೆ ಒಗ್ಗಿಕೊಂಡವರು ನಾವು. ಅಲ್ಲಿ ಪೈಪು ಒಡೆದರೂ ಟ್ಯಾಂಕ್ ಖಾಲಿಯಾದ ಮೇಲೆ ನೀರು ತಾನೇ ನಿಲ್ಲುತ್ತದೆ. ಹೊರದೇಶದ ಹೆಚ್ಚಿನ ಮನೆಗಳಿಗೆ ನೀರು ನೇರವಾಗಿ ಬೀದಿಯ ಪೈಪಿನಿಂದ ಬರುತ್ತದೆ, ಹಗಲು ರಾತ್ರಿ ಒತ್ತಡ ಇದ್ದೇ ಇರುತ್ತದೆ. ಒಂದು ಪೈಪು ಬಿಟ್ಟುಕೊಂಡರೆ ಯಾರಾದರೂ ಬಂದು ಮುಚ್ಚುವವರೆಗೆ ಸುರಿಯುತ್ತಲೇ ಇರುತ್ತದೆ. ಜೊತೆಗೆ ಎಷ್ಟೋ ಕಡೆ ಗೋಡೆ ಅಂದರೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಅದು ನೀರು ಕುಡಿದು ಉಬ್ಬುತ್ತದೆ. ಒದ್ದೆಯಾದ ಜಾಗ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಸ್ಟು ಹಿಡಿಯಲು ಶುರುವಾಗುತ್ತದೆ. ನೀವು ಮೂರು ವಾರ ಮನೆಯಲ್ಲಿಲ್ಲ ಅಂದರೆ ಲೆಕ್ಕ ಹಾಕಿ.

ಹಾಗಾಗಿ ಮೇನ್ ವಾಲ್ವ್. ಬೀದಿಯ ಪೈಪು ಮನೆಯೊಳಗೆ ಬರುವ ಜಾಗದಲ್ಲಿ, ಸಾಮಾನ್ಯವಾಗಿ ಮೀಟರಿನ ಹತ್ತಿರ ಇರುತ್ತದೆ. ಬೇಸ್‌ಮೆಂಟ್, ಗ್ಯಾರೇಜ್, ವಾಟರ್ ಹೀಟರ್ ಇಟ್ಟ ಕೋಣೆ, ಕೆಲವು ಮನೆಗಳಲ್ಲಿ ಅಡುಗೆಮನೆ ಸಿಂಕಿನ ಕೆಳಗೆ ಹುಡುಕಿ. ಎರಡು ಬಗೆ ಇವೆ. ಉದ್ದ ಹಿಡಿ ಇರುವುದಾದರೆ ಕಾಲು ಸುತ್ತು ತಿರುಗಿಸಿದರೆ ಸಾಕು. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ನೀರು ಹರಿಯುತ್ತಿದೆ, ಅಡ್ಡ ಇದ್ದರೆ ನಿಂತಿದೆ. ದುಂಡನೆಯ ಚಕ್ರ ಇರುವುದಾದರೆ ಬಲಕ್ಕೆ ಹಲವು ಸುತ್ತು ತಿರುಗಿಸಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ಚಕ್ರ ಜಾಮ್ ಆಗಿರುತ್ತದೆ. ಅದನ್ನು ಸ್ಪ್ಯಾನರ್ ಹಾಕಿ ಗುದ್ದಾಡಬೇಡಿ, ಮುರಿದರೆ ಹೊರಡುವ ದಿನವೇ ಮನೆಯಲ್ಲಿ ಕೆರೆ! ಹೊರಡುವುದಕ್ಕೆ ಎರಡು ವಾರ ಮುಂಚೆಯೇ ತಿರುಗಿಸಿ ನೋಡಿ. ಆಗದಿದ್ದರೆ ಪ್ಲಂಬರ್ ಕರೆಸಿ ಬದಲಿಸಲು ಟೈಮ್ ಇರುತ್ತದೆ.

ಮುಚ್ಚಿದ ಮೇಲೆ ಕೆಳಗಿನ ಮಹಡಿಯ ಒಂದು ನಲ್ಲಿ ತೆರೆಯಿರಿ. ಪೈಪಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ, ವಾಲ್ವ್ ನಿಜವಾಗಿ ಮುಚ್ಚಿದೆಯೋ ಇಲ್ಲವೋ ಅದೂ ಗೊತ್ತಾಗುತ್ತದೆ. ನೀರು ಸಣ್ಣಗಾಗಿ ನಿಲ್ಲಬೇಕು. ನಿಲ್ಲದೆ ಸಣ್ಣ ಧಾರೆ ಬರುತ್ತಲೇ ಇದ್ದರೆ ವಾಲ್ವ್ ಸರಿಯಿಲ್ಲ.

ಎರಡು ಸಂದರ್ಭಗಳಲ್ಲಿ ಮಾತ್ರ ಮುಚ್ಚುವ ಮುಂಚೆ ಯೋಚಿಸಿ. ಚಾವಣಿಯಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ ಅದರ ನೀರು ನಿಲ್ಲಿಸಲೇಬಾರದು. ಮನೆ ಬೆಚ್ಚಗಿಡುವುದು ಬಿಸಿನೀರಿನ ಬಾಯ್ಲರ್ ಆಗಿದ್ದರೆ, ನೀರು ನಿಲ್ಲಿಸಿದರೆ ಏನಾಗುತ್ತದೆ ಅಂತ ಅದರ ಸರ್ವಿಸ್ ಮಾಡುವವರನ್ನು ವಿಚಾರಿಸಿ.

ಅಪಾರ್ಟ್‌ಮೆಂಟಿನಲ್ಲಿ ಇಡೀ ಮನೆಗೆ ಒಂದೇ ವಾಲ್ವ್ ಸಿಗದೆ ಹೋಗಬಹುದು. ಆಗ ಬಿಡಿ ಬಿಡಿಯಾಗಿ ಮುಚ್ಚಿ: ಸಿಂಕ್, ಕಮೋಡ್, ಡಿಶ್‌ವಾಶರ್, ಐಸ್ ಮಾಡುವ ಫ್ರಿಜ್. ಎಲ್ಲಕ್ಕಿಂತ ಮೊದಲು ವಾಷಿಂಗ್ ಮೆಷಿನ್. ಅದರ ಹಿಂದಿನ ಎರಡು ರಬ್ಬರ್ ಹೋಸುಗಳನ್ನು ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಮೆಷಿನ್ ಓಡದಿದ್ದರೂ ಹೋಸಿನ ಮೇಲೆ ಒತ್ತಡ ಬೀಳುತ್ತಲೇ ಇರುತ್ತದೆ. ಮೆಷಿನ್ನನ್ನು ಗೋಡೆಗೆ ಒತ್ತಿ ತಳ್ಳಿದರೆ ಹೋಸು ಮಡಚಿ, ಆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಉಬ್ಬಿದ್ದರೆ, ನೆಟ್ಟು ತುಕ್ಕು ಹಿಡಿದಿದ್ದರೆ, ಬೆರಳಿಗೆ ಪಸೆ ತಾಗಿದರೆ ಬದಲಿಸಿ. ಹೊಸದು ತರುವಾಗ ಸ್ಟೀಲ್ ತಂತಿ ಹೆಣೆದದ್ದನ್ನೇ ತನ್ನಿ. ಐದು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಕೈಕೊಟ್ಟರೆ ತೊಂದರೆ ನಿಮಗಷ್ಟೇ ಅಲ್ಲ, ಕೆಳಗಿನ ಮನೆಯವರಿಗೂ, ಅಲ್ವಾ?

ಸದ್ದಿಲ್ಲದೆ ಸೋರುವುದನ್ನು ಹಿಡಿಯುವ ಉಪಾಯವೂ ಸುಲಭ. ರಾತ್ರಿ ಮಲಗುವ ಮುಂಚೆ ಮೀಟರ್ ಫೋಟೋ ತೆಗೆಯಿರಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುಂಚೆ ಇನ್ನೊಂದು. ಅಂಕಿ ಬದಲಾಗಿದ್ದರೆ ಎಲ್ಲೋ ಸೋರುತ್ತಿದೆ. ಮೊದಲ ಅನುಮಾನ ಕಮೋಡಿನ ಮೇಲೆ. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಬಣ್ಣ ಕೆಳಗಿಳಿದರೆ ಒಳಗಿನ ರಬ್ಬರ್ ಸವೆದಿದೆ.

ಇನ್ನು ಚಳಿಗಾಲ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡ ಹಿಗ್ಗುತ್ತದೆ. ಪೈಪು ಒಡೆಯುವುದು ಎಷ್ಟೋ ಸಲ ಮಂಜುಗಡ್ಡೆ ಇರುವಲ್ಲಿ ಅಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ ಅದು ಸೀಳುತ್ತದೆ. ಗಡ್ಡೆ ಕರಗಿದ ಮೇಲೆ ನೀರು ಹೊರಬರುತ್ತದೆ, ಅಲ್ಲಿಯವರೆಗೆ ಗೊತ್ತೇ ಆಗುವುದಿಲ್ಲ. ಕರೆಂಟ್ ಬಿಲ್ ಉಳಿಸೋಣ ಅಂತ ಹೀಟಿಂಗ್ ಪೂರ್ತಿ ಆಫ್ ಮಾಡಿ ಹೋಗಬೇಡಿ. ಥರ್ಮೋಸ್ಟಾಟ್ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬೇಡಿ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಬಿಸಿ ಗಾಳಿ ಒಳಗೆ ಹೋಗಲಿ. ತೋಟದ ಹೋಸು ಬಿಚ್ಚಿ, ಹೊರಗಿನ ನಲ್ಲಿಯ ನೀರು ಬಸಿಯಿರಿ. ಒಂದು ನಲ್ಲಿ ತೊಟ್ಟಿಕ್ಕಲು ಬಿಟ್ಟು ಹೋಗಿ ಅಂತ ಕೆಲವರು ಹೇಳುತ್ತಾರೆ. ಅದು ಮನೆಯಲ್ಲಿರುವ ರಾತ್ರಿಗೆ ಸರಿ, ಮೂರು ವಾರ ಬೀಗ ಹಾಕಿದ ಮನೆಗಲ್ಲ. ಮೇನ್ ಮುಚ್ಚಿ, ಮೇಲಿನ ಮತ್ತು ಕೆಳಗಿನ ನಲ್ಲಿಗಳನ್ನು ತೆರೆದು ಪೈಪು ಖಾಲಿ ಮಾಡುವುದೇ ವಾಸಿ.

ಕರೆಂಟಿನ ಬ್ರೇಕರ್ ಬಾಕ್ಸಿನ ಮೇನ್ ಸ್ವಿಚ್ ಇಳಿಸಿ ಹೋಗುವ ಅಭ್ಯಾಸ ಕೆಲವರಿಗಿದೆ. ಇಲ್ಲಿ ಅದು ಬೇಡ. ಹೀಟಿಂಗ್ ನಿಂತುಹೋಗುತ್ತದೆ. ಬೇಸ್‌ಮೆಂಟಿನ ಗುಂಡಿಯಲ್ಲಿ ಸೇರಿದ ನೀರನ್ನು ಹೊರಹಾಕುವ ಸಂಪ್ ಪಂಪ್ ಓಡುವುದಿಲ್ಲ, ಮಳೆ ನೀರು ಒಳಗೆ ತುಂಬುತ್ತದೆ. ಆ ಪಂಪಿನ ಗುಂಡಿಗೆ ಒಂದು ಬಕೆಟ್ ನೀರು ಸುರಿದು, ತಾನೇ ಶುರುವಾಗುತ್ತದೆಯೇ ನೋಡಿ. ವೈಫೈ ಕೂಡ ಆನ್ ಇರಲಿ. ಲೀಕ್ ಸೆನ್ಸರ್ ಇಟ್ಟಿದ್ದರೆ ಹೆಚ್ಚಿನವು ಅದರ ಮೂಲಕವೇ ನಿಮ್ಮ ಫೋನಿಗೆ ಸುದ್ದಿ ಮುಟ್ಟಿಸುತ್ತವೆ. ಸೆನ್ಸರ್ ಕೊಳ್ಳುವುದಾದರೆ ವಾಟರ್ ಹೀಟರ್ ಬುಡಕ್ಕೆ ಒಂದು, ವಾಷಿಂಗ್ ಮೆಷಿನ್ ಹಿಂದೆ ಒಂದು. ಆದರೆ ಅದು ಸುದ್ದಿ ಹೇಳುತ್ತದೆ, ನೀರು ನಿಲ್ಲಿಸುವುದಿಲ್ಲ. ವಿಮಾನದಲ್ಲಿ ಕೂತು ನೀವೇನು ಮಾಡುತ್ತೀರಿ?

ಅದಕ್ಕೇ ಕೀಲಿ ಕೊಟ್ಟು ಹೋಗಲು ಒಬ್ಬರು ಬೇಕು. ಸಂಕೋಚ ಬಿಟ್ಟು ಕೇಳಿ, ನಾವೆಲ್ಲ ಸರದಿಯ ಮೇಲೆ ಇದನ್ನೇ ಮಾಡಿಕೊಂಡು ಬಂದಿದ್ದೇವೆ. ಬರೀ ಕೀಲಿ ಕೊಟ್ಟರೆ ಸಾಲದು. ವಾಲ್ವ್ ಎಲ್ಲಿದೆ ತೋರಿಸಿ, ಪ್ಲಂಬರ್ ನಂಬರ್ ಕೊಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೂ ತಿಳಿಸಿ.

ಇನ್ಶೂರೆನ್ಸ್ ಪಾಲಿಸಿಯನ್ನು ದಯವಿಟ್ಟು ಓದಿ. ಮನೆ ಇಷ್ಟು ದಿನಕ್ಕಿಂತ ಜಾಸ್ತಿ ಖಾಲಿ ಇದ್ದರೆ ಯಾರಾದರೂ ಬಂದು ನೋಡುತ್ತಿರಬೇಕು, ಇಲ್ಲವೇ ನೀರು ನಿಲ್ಲಿಸಿರಬೇಕು ಅಂತ ಷರತ್ತು ಇರಬಹುದು. ಚಳಿಗಾಲಕ್ಕೆ ಅದು ಕೆಲವೇ ದಿನವೂ ಆಗಿರಬಹುದು. ದಿನದ ಲೆಕ್ಕ ಒಂದೊಂದು ಪಾಲಿಸಿಗೆ ಒಂದೊಂದು. ಏಜೆಂಟಿಗೆ ಇಮೇಲ್ ಬರೆದು ಕೇಳಿ, ಉತ್ತರ ಬರವಣಿಗೆಯಲ್ಲೇ ಇರಲಿ. ಹೊರಡುವ ದಿನ ಮುಚ್ಚಿದ ವಾಲ್ವಿನ ಫೋಟೋ ತೆಗೆದಿಡಿ.

ವಾಪಸ್ ಬಂದಾಗ ಅವಸರ ಬೇಡ. ಮೊದಲು ಒಂದು ಸುತ್ತು ಮನೆ ನೋಡಿ. ನೆಲ ಒದ್ದೆ ಇದ್ದರೆ ಆ ಕೋಣೆಯ ಸ್ವಿಚ್ ಮುಟ್ಟಬೇಡಿ. ಫೋಟೋ ತೆಗೆದು ಆಮೇಲೆ ಒರೆಸಿ, ಇನ್ಶೂರೆನ್ಸಿನವರಿಗೆ ಅವತ್ತೇ ಫೋನ್ ಮಾಡಿ. ಎಲ್ಲ ಸರಿ ಇದ್ದರೆ ಒಂದು ನಲ್ಲಿ ತೆರೆದಿಟ್ಟು ಮೇನ್ ವಾಲ್ವ್ ನಿಧಾನಕ್ಕೆ ಬಿಡಿ. ಗಾಳಿ ಬುಸ್ ಬುಸ್ ಅಂತ ಬರುತ್ತದೆ, ಹೆದರಬೇಡಿ. ವಾಟರ್ ಹೀಟರ್ ಆಫ್ ಮಾಡಿ ಹೋಗಿದ್ದರೆ, ಬಿಸಿನೀರಿನ ನಲ್ಲಿಯಲ್ಲಿ ನೀರು ತಡೆಯಿಲ್ಲದೆ ಬರಲು ಶುರುವಾದ ಮೇಲಷ್ಟೇ ಅದನ್ನು ಆನ್ ಮಾಡಿ. ಖಾಲಿ ಟ್ಯಾಂಕಿನಲ್ಲಿ ಆನ್ ಮಾಡಿದರೆ ಕಾಯಿಲ್ ಸುಟ್ಟುಹೋಗುತ್ತದೆ.