ವಿಷುವಿನಿಂದ ಪತ್ತನಾಜೆವರೆಗೆ ನಮ್ಮ ತಿರುಗಾಟ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮ ಸಣ್ಣ ಕ್ರಿಕೆಟ್ ತಂಡವನ್ನು ಬೇಸಿಗೆಯಲ್ಲಿ ಹೊರ ಊರುಗಳಿಗೆ ಕರೆದೊಯ್ಯುವ ಹೊಣೆಯನ್ನು ನಾನು ನಾಲ್ಕು ವರ್ಷ ಹೊತ್ತಿದ್ದೇನೆ. ಯಕ್ಷಗಾನ ಮೇಳದವರಂತೆ ನಾವೂ ಇದನ್ನು ತಿರುಗಾಟವೆಂದೇ ಕರೆಯುತ್ತೇವೆ. ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ನಮ್ಮದೂ ಮುಗಿಯುತ್ತದೆ. ಏಪ್ರಿಲ್ ನಡುವೆ ಬರುವ ವಿಷು ಹಬ್ಬದ ಮೊದಲು ಹುಡುಗರಿಗೆ ಪರೀಕ್ಷೆ, ಪತ್ತನಾಜೆಯ ಬಳಿಕ ಮಳೆ. ನಡುವೆ ಸಿಗುವ ಐದಾರು ಭಾನುವಾರಗಳಲ್ಲಿ ಮದುವೆ, ಕೋಲ, ಬ್ರಹ್ಮಕಲಶಗಳನ್ನು ತಪ್ಪಿಸಿ ಹನ್ನೊಂದು ಮಂದಿಯನ್ನು ಜೀಪಿಗೆ ಹತ್ತಿಸುವುದೇ ಮೊದಲ ಸಾಹಸ. ಅಡಿಕೆ ತೋಟಕ್ಕೆ ನೀರು ಬಿಡದೆ ಹೊರಡಲಾಗದ ನಮ್ಮ ಆರಂಭಿಕ ಬ್ಯಾಟರನ್ನು, ಪ್ರತಿ ಸಲವೂ ತಡವಾಗಿ ಬರುತ್ತಾರೆಂಬ ಒಂದೇ ಕಾರಣಕ್ಕೆ, ಏಳನೆಯ ಕ್ರಮಾಂಕಕ್ಕೆ ಇಳಿಸಬೇಕಾಯಿತು.

ಮೊದಲ ವರ್ಷ ಸುಳ್ಯದ ಕಡೆಯ ತಂಡವೊಂದಕ್ಕೆ ಫೋನು ಮಾಡಿದಾಗ, "ಎಲ್ಲ ಉಂಟು, ನೀವು ಬನ್ನಿ" ಎಂದರು. ಹೋಗಿ ನೋಡಿದರೆ ಪಿಚ್ಚಿನ ಮೇಲೆ ಹಾಸುವ ಚಾಪೆ ಇರಲಿಲ್ಲ. ಅದನ್ನು ನಾವು ತರುತ್ತೇವೆಂದು ಅವರು, ಅವರಲ್ಲಿ ಇದೆಯೆಂದು ನಾವು ಭಾವಿಸಿದ್ದೆವು. ಮುರಕಲ್ಲಿನ ಬೋಳು ನೆಲದ ಮೇಲೆ ಲೆದರ್ ಚೆಂಡಿನಲ್ಲಿ ಆಡುವುದು ಅಪಾಯವೆಂದು ಕೊನೆಗೆ ಟೆನಿಸ್ ಚೆಂಡಿನಲ್ಲಿ ಆಡಿ ಮರಳಿದೆವು. ಆ ಬಳಿಕ ನಾನು "ಎಲ್ಲ" ಎಂಬ ಉತ್ತರವನ್ನು ಒಪ್ಪುವುದಿಲ್ಲ. ಚಾಪೆ, ಮೊಳೆ, ಸ್ಟಂಪು, ಅಂಪೈರ್, ಕುಡಿಯುವ ನೀರು ಎಂದು ಒಂದೊಂದನ್ನೂ ಹೆಸರಿಸಿ ಕೇಳುತ್ತೇನೆ.

ತೆಂಗಿನ ನಾರಿನ ಚಾಪೆಯನ್ನು ಹಾಸುವುದು ನೋಡಿದಷ್ಟು ಸುಲಭವಲ್ಲ. ಅಡಿಯಲ್ಲಿ ಒಂದು ಹರಳು ಉಳಿದರೂ ಚೆಂಡು ಅಲ್ಲಿಂದ ಮುಖಕ್ಕೆ ಏಳುತ್ತದೆ. ಆದ್ದರಿಂದ ನೆಲವನ್ನು ಗುಡಿಸಿದ ಮೇಲೆ ಅಂಗೈಯಿಂದ ಸವರಿ ನೋಡುತ್ತೇನೆ. ಮುರಕಲ್ಲಿಗೆ ಮೊಳೆ ನೇರವಾಗಿ ಇಳಿಯುವುದಿಲ್ಲವಾದ್ದರಿಂದ ಮೊದಲು ಹಾರೆಯ ತುದಿಯಿಂದ ಕುಳಿ ಮಾಡಿಕೊಳ್ಳಬೇಕು. ಬಿಗಿಯಾಗಿ ಎಳೆದು ಹಾಸಿದ ಚಾಪೆಯಲ್ಲಿ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಸಡಿಲವಾದರೆ ತಗ್ಗಿ ತಿರುಗುತ್ತದೆ. ತಮ್ಮ ಸ್ಪಿನ್ನರ್‌ಗಳಿಗಾಗಿ ಅದನ್ನು ಬೇಕೆಂದೇ ಸಡಿಲ ಬಿಡುವ ಆತಿಥೇಯರನ್ನೂ ನಾನು ಕಂಡಿದ್ದೇನೆ. ಅನಿಲ್ ಕುಂಬ್ಳೆಯವರ ಹೆಸರಿಗೆ ಸೇರಿದ ಕುಂಬಳೆ ನಮ್ಮ ನೆರೆಯ ಊರೇ ಆದುದರಿಂದ, ಇಲ್ಲಿ ಪ್ರತಿ ತಂಡದಲ್ಲಿಯೂ ತಮ್ಮನ್ನು ಲೆಗ್ ಸ್ಪಿನ್ನರ್ ಎಂದು ನಂಬಿರುವ ಇಬ್ಬರಾದರೂ ಇರುತ್ತಾರೆ!

ಇಪ್ಪತ್ತು ಓವರ್‌ಗಳ ಪಂದ್ಯವನ್ನು ಎಂಟು ಗಂಟೆಗೆ ಆರಂಭಿಸಿದರೆ ಬಿಸಿಲು ನೆತ್ತಿಗೇರುವ ಮೊದಲು ಮುಗಿಸಬಹುದು. ಊಟ ಆತಿಥೇಯರದು, ಜೀಪಿನ ಬಾಡಿಗೆ ನಮ್ಮದು.

ನಾನು ಮುಂಗಾಣದಿದ್ದ ತೊಡಕು ಭಾಷೆಯದು. ಪುತ್ತೂರಿನ ಪಂದ್ಯವೊಂದರಲ್ಲಿ ನಮ್ಮ ತುಳು ಮಾತಿನ ಹುಡುಗ "ಬೊಡ್ಚಿ", ಅಂದರೆ ಬೇಡ, ಎಂದು ಕೂಗಿ ನಿಂತಲ್ಲೇ ನಿಂತ. ತಳಂಗರೆಯ ಹೊಸ ಹುಡುಗನಿಗೆ ಗೊತ್ತಿದ್ದುದು ಅದೇ ಅರ್ಥದ ಮಲಯಾಳದ "ವೇಂಡ" ಮಾತ್ರ. ಇಬ್ಬರೂ ಒಂದೇ ತುದಿಯಲ್ಲಿ ಮುಖ ನೋಡಿಕೊಂಡು ನಿಂತಿರುವಾಗ ಇನ್ನೊಂದು ತುದಿಯ ಬೇಲ್ಸ್ ಹಾರಿತು. ಅಂದಿನಿಂದ ಓಟಕ್ಕೆ ಎಸ್, ನೋ, ವೇಟ್ ಎಂಬ ಮೂರೇ ಮಾತು; ಜಗಳಕ್ಕೆ ಮಾತ್ರ ಅವರವರ ಭಾಷೆ.

ಕಳೆದ ಬೇಸಿಗೆಯ ಕೊನೆಯ ಪಂದ್ಯ ಮಳೆಯಿಂದ ಅರ್ಧಕ್ಕೆ ನಿಂತಿತು. ನೆನೆದ ಚಾಪೆಯನ್ನು ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡು ದಿನ ಹರವಿ, ಗೆದ್ದಲು ಹತ್ತದಂತೆ ಅಟ್ಟದ ಜಂತಿಗೆ ಕಟ್ಟಿ ತೂಗಹಾಕಿದೆ.